ಖರ್ಚಿ, ಹಿಶೇಬು ಮತ್ತು ಊರಿಗೆ ಮುಟ್ಟಿದ ಹಣ: ಪುಣೆಗೆ ಗುಳೆ ಬಂದ ಒಂದು ಮನೆಯ ಎರಡು ಹಂಗಾಮು

ಕಲಬುರಗಿ ಜಿಲ್ಲೆಯ ಒಂದು ಒಣಬೇಸಾಯದ ಊರಿನಿಂದ ಪುಣೆಯ ಕಟ್ಟಡ ಕೆಲಸಕ್ಕೆ ಬಂದ ಮನೆಯೊಂದರ ಎರಡು ಹಂಗಾಮಿನ ಲೆಕ್ಕ ಇದು. ಊರು, ಹೆಸರು, ಸೈಟು ಯಾವುದನ್ನೂ ಹೇಳಿಲ್ಲ. ಗುರುತು ಹತ್ತುವ ವಿವರಗಳನ್ನು ಬದಲಿಸಿದೆ, ಮೊತ್ತಗಳನ್ನು ಹೆಚ್ಚಿನ ಕಡೆ ಹತ್ತಿರದ ನೂರಕ್ಕೋ ಸಾವಿರಕ್ಕೋ ತಂದಿದೆ. ಮನೆಯವರನ್ನು ಗಂಡ, ಹೆಂಡತಿ, ಅತ್ತೆ, ಮಗಳು, ಮಗ ಎಂದಷ್ಟೇ ಕರೆದಿದೆ. ಗುಳೆ ಹೋದವರ ಕೂಲಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಆ ಕೂಲಿ ಯಾವಾಗ ಕೈಗೆ ಬರುತ್ತದೆ, ಯಾವ ದಾರಿಯಲ್ಲಿ ಊರು ಮುಟ್ಟುತ್ತದೆ ಎಂದು ಕೇಳುವವರು ಕಡಿಮೆ. ಈ ಮನೆಯಲ್ಲಿ ಸಾಲ ಏರಿದ್ದೂ ಇಳಿದದ್ದೂ ಆ ಎರಡನೆಯ ಪ್ರಶ್ನೆಯಲ್ಲೇ.

ಹಿನ್ನೆಲೆ

ಮೂರು ಎಕರೆ ಎರೆ ಹೊಲ. ಬಾವಿ, ಬೋರು ಇಲ್ಲ. ಬೆಳೆ ತೊಗರಿ. ಜೂನ್-ಜುಲೈನಲ್ಲಿ ಬಿತ್ತಿದರೆ ರಾಶಿ ಆಗುವುದು ಡಿಸೆಂಬರ್ ಕೊನೆಗೆ ಇಲ್ಲವೇ ಜನವರಿಗೆ. ಹೊಲದ ದುಡ್ಡು ವರ್ಷಕ್ಕೊಮ್ಮೆ ಮಾತ್ರ. 2022ರ ಮುಂಗಾರಿನಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿಯಿತು. ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ರೋಗ ಅದು. ಹೂವು, ಕಾಯಿ ಬರುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ, ಒಣಗಲು ಶುರುವಾದ ಮೇಲೆ ಉಳಿಸುವ ಔಷಧಿ ಇಲ್ಲ. ಈ ಮನೆಗೆ ಮೂರು ಎಕರೆಯಿಂದ ಬಂದದ್ದು ಮೂರು ಕ್ವಿಂಟಲ್.

ಮನೆಯಲ್ಲಿ ಐದು ಜನ. ಗಂಡನಿಗೆ 36, ಹೆಂಡತಿಗೆ 32. ಮಗಳು ಆಗ ಏಳನೆಯ ತರಗತಿ, ಮಗ ಒಂದನೆಯ ತರಗತಿ. ಅತ್ತೆಗೆ ಎಪ್ಪತ್ತರ ಹತ್ತಿರ. ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಯ 1,200 ರೂಪಾಯಿ ತಿಂಗಳಿಗೆ ಬರುತ್ತದೆ. ಅಣ್ಣತಮ್ಮಂದಿರು ಭಾಗವಾದಾಗ ಅತ್ತೆಯ ಹೆಸರು ದೊಡ್ಡ ಮಗನ ರೇಷನ್ ಕಾರ್ಡಿನಲ್ಲೇ ಉಳಿಯಿತು, ಆಕೆ ಇರುವುದು ಮಾತ್ರ ಕಿರಿಯನ ಮನೆಯಲ್ಲಿ. ಹೀಗಾಗಿ ಈ ಮನೆಯ ಕಾರ್ಡಿನಲ್ಲಿ ನಾಲ್ಕೇ ಹೆಸರು, ಕುಟುಂಬದ ಮುಖ್ಯಸ್ಥೆ ಹೆಂಡತಿ. ಈ ಸಣ್ಣ ಸಂಗತಿ ಮುಂದೆ ದೊಡ್ಡ ತೊಡಕಿಗೆ ಕಾರಣವಾಗುತ್ತದೆ.

2023ರ ಜನವರಿಯಲ್ಲಿ ಸಾಲ ಎರಡು ಕಡೆ ಇತ್ತು. ಸೊಸೈಟಿಯದು, ಅಂದರೆ ಊರ ಸಹಕಾರಿ ಸಂಘದ್ದು, 40,000, ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ಗಡುವು ತಪ್ಪಿದರೆ ಆ ಸವಲತ್ತು ಹೋಗುತ್ತದೆ. ಆ ವರ್ಷ ಒಂದು ವಾರದ ಕೈಗಡ ತಂದು ಕಟ್ಟಿ, ಮತ್ತೆ ಎತ್ತಿ, ಕೈಗಡ ತೀರಿಸಿದರು. ಊರುಗಳಲ್ಲಿ ಸಾಮಾನ್ಯವಾಗಿ ನಡೆಯುವ ಹೊಂದಾಣಿಕೆಯೇ ಇದು. ಎರಡನೆಯದು ಊರ ಸಾಹುಕಾರರದು: 60,000, ತಿಂಗಳಿಗೆ ನೂರಕ್ಕೆ ಮೂರು. ತಿಂಗಳ ಬಡ್ಡಿ 1,800.

ಮೊದಲ ಹಂಗಾಮು: ಐದು ತಿಂಗಳ ದುಡಿಮೆ, ಊರಿಗೆ ಹತ್ತು ಸಾವಿರ

ಪಕ್ಕದೂರಿನ ಮುಕಾದಮ, ಅಂದರೆ ಕೂಲಿಯಾಳುಗಳನ್ನು ಸೈಟಿಗೆ ಕರೆದೊಯ್ಯುವವ, ಗಂಡ-ಹೆಂಡತಿ ಜೋಡಿಗೆ 40,000 ಮುಂಗಡ ಕೊಟ್ಟ. ಸಂಬಂಧದಲ್ಲಿ ಗಂಡನಿಗೆ ಕಾಕಾ ಆಗಬೇಕು. ಅದರಲ್ಲಿ 18,000 ಬಾಕಿ ಬಡ್ಡಿಗೂ ಕಿರಾಣಿ ಅಂಗಡಿಯ ಉದ್ರಿಗೂ ಹೋಯಿತು, 12,000 ಆಸ್ಪತ್ರೆಗೆ, 10,000 ಅತ್ತೆಯ ಕೈಗೆ. ನಾಲ್ವರೂ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪುಣೆಗೆ ಬಂದರು. ಮಗಳನ್ನು ಕರೆತಂದದ್ದು ಮಗನನ್ನು ನೋಡಿಕೊಳ್ಳಲು. ವಾಘೋಲಿ ಕಡೆಯ ಒಂದು ಸೈಟಿನಲ್ಲಿ ಪತ್ರಾ (ತಗಡಿನ) ಶೆಡ್ಡು. ಸುತ್ತ ಯಾದಗಿರಿ, ವಿಜಯಪುರ ಕಡೆಯ ಕನ್ನಡದವರೇ.

ಮುಂಗಡದ ಕೆಲಸ ಹೇಗೆ ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕು. ದಿನದ ಹಾಜರಿ ಮುಕಾದಮನ ಪುಸ್ತಕದಲ್ಲಿ. ವಾರಕ್ಕೊಮ್ಮೆ ಸಂತೆಗೆಂದು ಸ್ವಲ್ಪ ಹಣ ಕೊಡುತ್ತಾರೆ, ಅದಕ್ಕೆ ಖರ್ಚಿ ಎನ್ನುತ್ತಾರೆ. ಹಂಗಾಮು ಮುಗಿದು ಊರಿಗೆ ಹೊರಡುವಾಗ ಹಿಶೇಬು: ಒಟ್ಟು ಹಾಜರಿಯ ಕೂಲಿಯಿಂದ ಮುಂಗಡ, ಖರ್ಚಿ, ಇತರೆ ಎಲ್ಲ ಕಳೆದು ಉಳಿದದ್ದು ಕೈಗೆ. ಖರ್ಚಿ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅದು ಯಾರೂ ಮೇಲೆ ಕೊಡುವ ಹಣವಲ್ಲ, ಆಗಲೇ ದುಡಿದ ಪಗಾರದ ಒಂದು ತುಂಡು.

ಕೂಲಿ ಗಂಡನಿಗೆ 500, ಹೆಂಡತಿಗೆ 400. ಖರ್ಚಿ ವಾರಕ್ಕೆ ಜೋಡಿಗೆ 1,500. ನಾಲ್ಕು ಜನರ ಎಣ್ಣೆ, ಬೇಳೆ, ತರಕಾರಿ, ಸೌದೆ, ಫೋನಿಗೆ ಅದು ಸಾಲುತ್ತಿರಲಿಲ್ಲ. ಊರಿಂದ ತಂದ ಜೋಳ, ಅಕ್ಕಿಯಿಂದ ಅದನ್ನು ತೂಗಿಸಿದರು. ಹೀಗಾಗಿ ಜನವರಿಯಿಂದ ಮೇ ಕೊನೆಯವರೆಗೆ ಊರಿಗೆ ಒಂದು ರೂಪಾಯಿಯೂ ಹೋಗಲಿಲ್ಲ. ಸಾಹುಕಾರರ ಬಡ್ಡಿ ಮಾತ್ರ ತಿಂಗಳಿಗೆ 1,800ರಂತೆ ಬೆಳೆದು 9,000 ಆಯಿತು. ದುಡ್ಡು ಪುಣೆಯಲ್ಲಿ ಮುಕಾದಮನ ಪುಸ್ತಕದೊಳಗೆ ಬಡ್ಡಿಯಿಲ್ಲದೆ ಕೂತಿತ್ತು. ಅದೇ ಹೊತ್ತಿಗೆ ಅದೇ ಮನೆಯ ಸಾಲ ಊರಲ್ಲಿ ನೂರಕ್ಕೆ ಮೂರರಂತೆ ಬಡ್ಡಿ ತಿನ್ನುತ್ತಿತ್ತು.

ಹಿಶೇಬಿನ ದಿನ ಹೀಗಾಯಿತು. ಹೆಂಡತಿ ಬಾಯಿಲೆಕ್ಕದಲ್ಲಿ ಇಟ್ಟುಕೊಂಡದ್ದು ಗಂಡನಿಗೆ 122 ಹಾಜರಿ, ತನಗೆ 110. ಆ ಪ್ರಕಾರ ಕೂಲಿ 1,05,000. ಪುಸ್ತಕದಲ್ಲಿ ಇದ್ದದ್ದು 108 ಮತ್ತು 94, ಕೂಲಿ 91,600. ಅದರಲ್ಲಿ ಮುಂಗಡ 40,000, ಇಪ್ಪತ್ತು ವಾರದ ಖರ್ಚಿ 30,000, ಔಷಧಿ 2,000, ಲೈಟು-ಪತ್ರಾ-ಗಾಡಿಬಾಡಿಗೆ ಎಂದು 3,600 ಕಳೆದರು. ಉಳಿದದ್ದು 16,000. ಅದರಲ್ಲೂ 10,000 ಕೈಗೆ ಕೊಟ್ಟು, 6,000 ‘ಮುಂದಿನ ಹಂಗಾಮಿಗೆ ಬರ್ರಿ, ಕೊಡ್ತೀನಿ’ ಎಂದ.

ಹಾಜರಿ ಕಡಿಮೆಯಾದ ಬಗೆಯನ್ನೂ ನೋಡಬೇಕು. ಮೋಸವೆಂದು ಒಂದೇ ಮಾತಿನಲ್ಲಿ ಮುಗಿಸಿದರೆ ಅದನ್ನು ತಡೆಯುವ ದಾರಿ ಕಾಣುವುದಿಲ್ಲ. ಕಾಂಕ್ರೀಟ್ ಗಾಡಿ ತಡವಾಗಿ ಬಂದು ಮಧ್ಯಾಹ್ನ ಕೆಲಸ ಶುರುವಾದ ದಿನ ಅರ್ಧ ಹಾಜರಿ ಬಿದ್ದಿತ್ತು. ಸ್ಲ್ಯಾಬ್ ಹಾಕಿದ ರಾತ್ರಿ ಹತ್ತರವರೆಗೆ ದುಡಿದದ್ದು ಪುಸ್ತಕಕ್ಕೆ ಏರಿರಲಿಲ್ಲ. ಅಡುಗೆಗೆಂದು ಒಂದು ತಾಸು ಮೊದಲೇ ಕೆಳಗಿಳಿದ ದಿನಗಳನ್ನು ಹೆಂಡತಿಗೆ ಮುಕ್ಕಾಲು ಎಂದು ಹಿಡಿದಿದ್ದರು. ಒಂದೊಂದೂ ಚಿಕ್ಕದು. ಐದು ತಿಂಗಳಾದ ಮೇಲೆ ಯಾವ ದಿನ ಏನಾಗಿತ್ತು ಎಂದು ಯಾರೂ ಸಾಬೀತು ಮಾಡಲಾರರು. ಅದೇ ಜಗಳ ಏಳು ದಿನದೊಳಗೆ ಎದ್ದಿದ್ದರೆ ಸೈಟಿನಲ್ಲಿದ್ದ ನಾಲ್ಕು ಜನರ ನೆನಪೇ ಸಾಕಿತ್ತು.

ಜೂನ್‌ನಲ್ಲಿ ಊರಿಗೆ ಬಂದಾಗ 10,000ದಲ್ಲಿ 9,000 ಬಡ್ಡಿಗೆ ಹೋಯಿತು. ಬಿತ್ತನೆಗೆ ಕೈಯಲ್ಲಿ ಉಳಿದದ್ದು ಒಂದು ಸಾವಿರ. ಒಂದು ಚೀಲ ಡಿಎಪಿ ಗೊಬ್ಬರಕ್ಕೇ 1,350. ಸಾಹುಕಾರರಿಂದ ಮತ್ತೆ 15,000 ತಂದರು. ಐದು ತಿಂಗಳು ದುಡಿದು ಬಂದ ಮನೆಯ ಸಾಲ 60,000ದಿಂದ 75,000ಕ್ಕೆ ಏರಿತು. ಮಗಳು ಏಳನೆಯ ತರಗತಿಯ ವಾರ್ಷಿಕ ಪರೀಕ್ಷೆಗೆ ಕೂತಿರಲಿಲ್ಲ.

ಲೆಕ್ಕ ಬಿಡಿಸಿದ ರಾತ್ರಿ

ಆ ವರ್ಷ ಮಳೆಯೂ ಕೈಕೊಟ್ಟಿತು. 2023ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಉದ್ಯೋಗ ಖಾತ್ರಿಯಲ್ಲಿ ಗಂಡ-ಹೆಂಡತಿ ಸೇರಿ 28 ದಿನ ದುಡಿದರು, ದಿನಕ್ಕೆ 316ರಂತೆ 8,848 ಬಂತು. ಆಗಸ್ಟ್ ಕೊನೆಗೆ ಶುರುವಾದ ಗೃಹಲಕ್ಷ್ಮಿಯ 2,000, ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲಿಗೆ ತಲೆಗೆ 170ರಂತೆ ನಾಲ್ಕು ಜನಕ್ಕೆ 680 ಹೆಂಡತಿಯ ಖಾತೆಗೆ ಬರತೊಡಗಿದವು. ಬಡ್ಡಿ ಈಗ ತಿಂಗಳಿಗೆ 2,250. ನವೆಂಬರ್‌ವರೆಗಿನದು ಇವುಗಳಿಂದಲೇ ತುಂಬಿತು. ಅಸಲು ಕದಲಲಿಲ್ಲ.

ದಸರೆ ಮುಗಿದ ಮೇಲೆ ಮುಕಾದಮ ಮತ್ತೆ ಮುಂಗಡ ತಂದ, ಈ ಸಲ 50,000. ಇಲ್ಲೇ ಮೊದಲ ತಿರುವು. ಹೆಂಡತಿ ತನ್ನ ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳ ಮುಂದೆ ಹಿಂದಿನ ಹಂಗಾಮಿನ ಅಂಕಿಗಳನ್ನೆಲ್ಲ ಹೇಳಿದಳು. ಅದೇ ಸೈಟಿನಲ್ಲಿ ಮುಂಗಡ ಇಲ್ಲದೆ ಬಂದವರಿಗೆ ಗಂಡಾಳಿಗೆ 600, ಹೆಣ್ಣಾಳಿಗೆ 450 ಇತ್ತು ಎಂಬುದು ಆಕೆಗೆ ನೆನಪಿತ್ತು. ಆ ಅಂತರವನ್ನು ಹಾಜರಿಯಿಂದ ಗುಣಿಸಿದರು: 122 ದಿನಕ್ಕೆ ನೂರರಂತೆ 12,200, 110 ದಿನಕ್ಕೆ ಐವತ್ತರಂತೆ 5,500, ಒಟ್ಟು 17,700. ಬಡ್ಡಿಯಿಲ್ಲದ್ದು ಎಂದು ತಂದ 40,000 ಮುಂಗಡಕ್ಕೆ ಐದು ತಿಂಗಳಲ್ಲಿ ತೆತ್ತ ಬಡ್ಡಿ ಅದು. ಅದೇ 40,000ವನ್ನು ಸಾಹುಕಾರರ ಹತ್ತಿರ ನೂರಕ್ಕೆ ಮೂರರಂತೆ ತಂದಿದ್ದರೆ ಐದು ತಿಂಗಳಿಗೆ 6,000 ಆಗುತ್ತಿತ್ತು. ಊರಿನಲ್ಲಿ ಎಲ್ಲರೂ ಹೆದರುವ ಸಾಲಕ್ಕಿಂತ ಯಾರೂ ಸಾಲವೆಂದು ತಿಳಿಯದ ಮುಂಗಡ ಸುಮಾರು ಮೂರು ಪಟ್ಟು ದುಬಾರಿ.

ಕೂಲಿಯ ಅಂತರ 17,700, ಬಿದ್ದುಹೋದ ಹಾಜರಿ 13,400, ಇತರೆ ಎಂದು ಕಳೆದ 3,600, ಬಾರದ 6,000 ಕೂಡಿಸಿದರೆ 40,700. ತಂದ ಮುಂಗಡ 40,000, ದಾರಿಯಲ್ಲಿ ಸೋರಿದ್ದು ಅದಕ್ಕಿಂತ ತುಸು ಹೆಚ್ಚು.

ಮುಕಾದಮನ ಸ್ಥಿತಿಯನ್ನೂ ಹೇಳದಿದ್ದರೆ ಲೆಕ್ಕ ಅರ್ಧವಾಗುತ್ತದೆ. ಆತ ಮುಂಗಡದ ಹಣವನ್ನು ಮೇಲಿನ ಕಂಟ್ರಾಕ್ಟರನಿಂದ ತನ್ನ ಹೆಸರಿಗೆ ಎತ್ತಿರುತ್ತಾನೆ. ಮುಂಗಡ ತಗೊಂಡ ಜೋಡಿ ನಡುವೆ ಓಡಿಹೋದರೆ ಆ ಹಣ ಅವನೇ ತುಂಬಬೇಕು. ಹತ್ತು ಜೋಡಿಯಲ್ಲಿ ಒಂದು ಓಡಿದರೂ ಅದರ ನಷ್ಟವನ್ನು ಉಳಿದ ಒಂಬತ್ತು ಜೋಡಿಯ ಹಾಜರಿಯಿಂದ ಎತ್ತುತ್ತಾನೆ. ಸಂಬಂಧದವನಾದ್ದರಿಂದ ಕಟುವಾಗಿ ಕೇಳಲೂ ಆಗದು. ಈ ಮನೆ ಮುಂಗಡ ಬೇಡವೆಂದದ್ದನ್ನು ಹೆಂಡತಿ ಹೇಳಿದ ರೀತಿ ಹೀಗಿತ್ತು: ‘ಕಾಕಾ, ನಿಮ್ಮ ಮ್ಯಾಲ ಸಿಟ್ಟಿಲ್ಲ. ಈ ಸರ್ತಿ ನಾವs ಖರ್ಚು ಮಾಡ್ಕೊಂಡು ಹೋಗ್ತೀವಿ. ಆ ಆರು ಸಾವಿರ ನೆಪ್ಪಿಡ್ರಿ.’ ಆರು ಸಾವಿರ ಕೊನೆಗೂ ಬರಲಿಲ್ಲ. ಸಂಬಂಧ ಉಳಿಯಿತು.

ಎರಡನೆಯ ಹಂಗಾಮು: ಏನೇನು ಮಾಡಿ ನೋಡಿದರು

ಸಂಘದಿಂದ 20,000 ತೆಗೆದರು, ತಿಂಗಳಿಗೆ ನೂರಕ್ಕೆ ಎರಡು, ಅಸಲು ತಿಂಗಳಿಗೆ ಸಾವಿರದಂತೆ. 5,000 ಅತ್ತೆಯ ಕೈಗೆ ಕೊಟ್ಟು ದೀಪಾವಳಿ ಮುಗಿಸಿ ನವೆಂಬರ್ ಮೂರನೆಯ ವಾರ ಹೊರಟರು. ಮಗಳು ಅಜ್ಜಿಯ ಹತ್ತಿರ ಉಳಿದಳು, ಎಂಟನೆಯ ತರಗತಿ. ಮಗ ಜೊತೆಗೆ ಬಂದ.

ಮೊದಲ ಪ್ರಯತ್ನ ನಾಕಾ, ಅಂದರೆ ದಿನಗೂಲಿಗೆ ಕರೆಯುವವರಿಗಾಗಿ ಆಳುಗಳು ಬೆಳಗ್ಗೆ ನಿಲ್ಲುವ ಜಾಗ. ವಾರ್ಜೆಯ ಮಜೂರ ನಾಕಾದಲ್ಲಿ ಬೆಳಗ್ಗೆ ಏಳಕ್ಕೆ ನಿಂತರೆ ಬಿಗಾರಿಗೆ (ಗಂಡಾಳಿಗೆ) 750, ಹೆಣ್ಣಾಳಿಗೆ 550, ಸಂಜೆಗೇ ಕೈಗೆ ರೊಕ್ಕ. ಸೈಟಿನ 600ಕ್ಕೆ ಹೋಲಿಸಿದರೆ ಲಾಭವೆಂದೇ ತೋರುತ್ತದೆ. ಇರಲು ಹಿಡಿದ ಖೋಲಿಗೆ (ಕೋಣೆಗೆ) ಬಾಡಿಗೆ 3,500, ಠೇವಣಿ 7,000. ಮೂರು ವಾರದಲ್ಲಿ ಗಂಡನಿಗೆ ಸಿಕ್ಕದ್ದು ಒಂಬತ್ತು ದಿನ, ಹೆಂಡತಿಗೆ ನಾಲ್ಕು. ಬಂದದ್ದು 8,950. ನಾಕಾದಲ್ಲಿ ಕೆಲಸ ಮುಖ ನೋಡಿ ಸಿಗುತ್ತದೆ. ಗೌಂಡಿಗಳು, ಚಿಕ್ಕ ಗುತ್ತಿಗೆದಾರರು ಹಿಂದೆ ಕೆಲಸ ಮಾಡಿದವರನ್ನೇ ಕರೆಯುತ್ತಾರೆ. ಹೊಸಬರಿಗೆ ಎರಡು-ಮೂರು ತಿಂಗಳು ತಾಳಿಕೊಳ್ಳುವ ಗಂಟು ಬೇಕು. ಪರಿಚಯವಾದ ಮೇಲೂ ತಿಂಗಳಿಗೆ 17 ದಿನ ಸಿಕ್ಕರೆ 12,750, ಅದರಲ್ಲಿ ಬಾಡಿಗೆ 3,500 ಕಳೆದರೆ 9,250. ಸೈಟಿನಲ್ಲಿ 24 ದಿನಕ್ಕೆ 600ರಂತೆ 14,400, ಶೆಡ್ಡಿಗೆ ಬಾಡಿಗೆ ಇಲ್ಲ. ದಿನದ ದರವನ್ನಷ್ಟೇ ಹೋಲಿಸಿ ನಾಕಾಕ್ಕೆ ಬರುವ ಮನೆಗಳು ಬಹಳ. ಸಿಗುವ ದಿನಗಳನ್ನೂ ತಲೆಯ ಮೇಲಿನ ಸೂರನ್ನೂ ಸೇರಿಸಿ ಹೋಲಿಸಬೇಕು. ಮೂರನೆಯ ವಾರದ ಕೊನೆಗೆ ಖೋಲಿ ಬಿಟ್ಟರು. ಠೇವಣಿಯಲ್ಲಿ ಒಂದು ಸಾವಿರ ಮುರಿದುಕೊಂಡರು. ತಡ ಮಾಡದೆ ಬಿಟ್ಟದ್ದು ಒಳ್ಳೆಯ ನಿರ್ಧಾರ. ಇನ್ನೊಂದು ತಿಂಗಳು ಎಳೆದಿದ್ದರೆ ಸಂಘದ ಹಣವೇ ಕರಗುತ್ತಿತ್ತು.

ಎರಡನೆಯ ಪ್ರಯತ್ನ ಮುಂಗಡವಿಲ್ಲದ ಸೈಟು. ಡಿಸೆಂಬರ್ ನಡುವಿನಲ್ಲಿ ಬೇರೆ ಕಂಟ್ರಾಕ್ಟರನ ಹತ್ತಿರ 600 ಮತ್ತು 450ಕ್ಕೆ ಸೇರಿದರು. ಹೆಂಡತಿ ಇಟ್ಟ ಷರತ್ತು ಮೂರು. ಖರ್ಚಿ ಬೇಡ, ವಾರದ ಪೂರ್ತಿ ಪಗಾರ ಬೇಕು. ಹಾಜರಿ ತಾನೂ ಬರೆಯುತ್ತಾಳೆ. ತನ್ನ ಕೂಲಿ ತನ್ನ ಖಾತೆಗೆ ಬರಬೇಕು. ಕಂಟ್ರಾಕ್ಟರ್ ಒಂದು ವಾರದ್ದನ್ನು ಹಿಂದೆ ಹಿಡಿಯುತ್ತೇನೆ ಎಂದ, ಒಪ್ಪಿದರು.

ಹಾಜರಿ ಬರೆದದ್ದು ಮಗಳ ಹಳೆಯ ನೋಟುಪುಸ್ತಕದಲ್ಲಿ. ಒಂದು ಸಾಲಿಗೆ ಒಂದು ದಿನ: ತಾರೀಖು, ಪೂರ್ತಿ/ಅರ್ಧ, ಓಟಿ ತಾಸು, ಏನು ಕೆಲಸ. ‘ಏನು ಕೆಲಸ’ ಎಂಬ ಕಾಲಮ್ಮು ಮುಖ್ಯ. ‘ಮೂರನೇ ಮಜಲಿ ಸ್ಲ್ಯಾಬು, ರಾತ್ರಿ ಒಂಬತ್ತು’ ಎಂದು ಬರೆದಿದ್ದರೆ ಸೂಪರ್‌ವೈಸರನ ರಿಜಿಸ್ಟರಿನಲ್ಲೂ ಅದೇ ದಿನ ಸ್ಲ್ಯಾಬ್ ಇರುತ್ತದೆ, ಅಲ್ಲಗಳೆಯಲು ಬರುವುದಿಲ್ಲ. ಪ್ರತಿ ಶನಿವಾರ ಸಂಜೆ ಪುಟದ ಫೋಟೋ ತೆಗೆದು ಕಂಟ್ರಾಕ್ಟರನ ವಾಟ್ಸಾಪಿಗೆ ಹಾಕುತ್ತಿದ್ದರು. ಒಂದು ಪದವೂ ಬರೆಯದೆ ಬರೀ ಫೋಟೋ. ತಕರಾರು ಇದ್ದರೆ ಆತ ಅವತ್ತೇ ಹೇಳಬೇಕು. ಆರು ತಿಂಗಳಲ್ಲಿ ವ್ಯತ್ಯಾಸ ಬಂದದ್ದು ಒಟ್ಟು ಮೂರು ಅರ್ಧ ಹಾಜರಿ.

ಗಂಡ ಜನವರಿಯಲ್ಲಿ ಹನ್ನೆರಡು ದಿನ ರಾಶಿಗೆಂದು ಊರಿಗೆ ಹೋಗಿಬಂದ. ಬರದಲ್ಲೂ ಐದು ಕ್ವಿಂಟಲ್ ಆಗಿತ್ತು. ಬೆಂಬಲ ಬೆಲೆ 7,000 ಇದ್ದ ವರ್ಷ ಅದು, ಮಾರುಕಟ್ಟೆ ಮೇಲಿತ್ತು, 9,200ಕ್ಕೆ ಹೋಯಿತು. 46,000 ಬಂತು. ರಾಶಿಯ ಖರ್ಚು 6,000 ಕಳೆದು ಉಳಿದ 40,000 ನೇರ ಸೊಸೈಟಿಗೆ, ಗಡುವಿನೊಳಗೆ. ಬಡ್ಡಿಯಿಲ್ಲದ ಸಾಲವನ್ನು ಬಿಟ್ಟು ಮೊದಲು ಸಾಹುಕಾರರದ್ದನ್ನು ತೀರಿಸೋಣ ಎಂಬ ಮಾತೂ ಮನೆಯಲ್ಲಿ ಬಂದಿತ್ತು. ಹಾಗೆ ಮಾಡಿದ್ದರೆ ಬಡ್ಡಿ ಕೂಡಲೇ ಇಳಿಯುತ್ತಿತ್ತು, ಆದರೆ ಸೊಸೈಟಿ ಗಡುವು ತಪ್ಪಿ ಮುಂದಿನ ಮುಂಗಾರಿಗೆ ಅಲ್ಲಿ ಸಾಲ ಸಿಗುತ್ತಿರಲಿಲ್ಲ. ಬಿತ್ತನೆಗೆ ಮತ್ತೆ ಸಾಹುಕಾರರ ಬಾಗಿಲೇ.

ಹಣ ಊರಿಗೆ ಹೋದ ದಾರಿ, ಮತ್ತು ಮೂರು ತಿಂಗಳು ಕಾಣೆಯಾದದ್ದು

ಹಣ ಕಳಿಸಿದ್ದು ತಿಂಗಳಿಗೊಮ್ಮೆ, ಅತ್ತೆಯ ಪಿಂಚಣಿ ಖಾತೆಗೆ, ಫೋನಿನಿಂದ ಖಾತೆ ಸಂಖ್ಯೆ ಹಾಕಿ. ಇದಕ್ಕೆ ಖರ್ಚಿಲ್ಲ. ಮೊದಲ ಸಲ ಮಾತ್ರ ರೀಚಾರ್ಜ್ ಅಂಗಡಿಯಲ್ಲಿ ನಗದು ಕೊಟ್ಟು ಕಳಿಸಿ 6,000ಕ್ಕೆ 60 ಕೊಟ್ಟರು. ಊರಲ್ಲಿ ಅತ್ತೆ ಬ್ಯಾಂಕ್ ಮಿತ್ರನ (ಊರಲ್ಲೇ ಬ್ಯಾಂಕಿನ ಪರವಾಗಿ ಹಣ ಕೊಡುವವನ) ಹತ್ತಿರ ಬೆರಳು ಒತ್ತಿ ತೆಗೆಯಬೇಕು. ಸವೆದ ಬೆರಳು, ಮೂರು ಸಲ ಒತ್ತಿದರೆ ಒಮ್ಮೆ ಹಿಡಿಯುತ್ತಿತ್ತು. ಮಿಷನ್ನು ಹಿಡಿಯಲಿಲ್ಲ ಎಂದಾಗಲೂ ಕೆಲವೊಮ್ಮೆ ಖಾತೆಯಿಂದ ಹಣ ಕಡಿತವಾಗಿರುತ್ತದೆ, ಆದ್ದರಿಂದ ಪ್ರತಿ ಸಲ ಚೀಟಿ ಇಸಿದುಕೊಂಡು, ಮೊದಲೂ ಕೊನೆಗೂ ಬಾಕಿ ಎಷ್ಟು ಎಂದು ಕೇಳಬೇಕು. ಇದನ್ನು ಮಾಡುತ್ತಿದ್ದವಳು ಮಗಳು. ಮೊದಲೆರಡು ತಿಂಗಳು ಅದಕ್ಕಾಗಿ ಶಾಲೆ ತಪ್ಪಿಸಿದಳು. ಆಮೇಲೆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹೋಗುವಂತೆ, ಹಣ ಶುಕ್ರವಾರ ರಾತ್ರಿ ಕಳಿಸತೊಡಗಿದರು.

ಕಾರ್ಡಿನ ಮುಖ್ಯಸ್ಥೆ ಹೆಂಡತಿಯಾದ್ದರಿಂದ ಗೃಹಲಕ್ಷ್ಮಿ ಮತ್ತು ಅಕ್ಕಿ ಹಣ ಆಕೆಯ ಊರಿನ ಖಾತೆಗೆ ಬರುತ್ತಿತ್ತು. ಆಕೆಯ ಬೆರಳು ಪುಣೆಯಲ್ಲಿ. ಅದಕ್ಕೆ ಎಟಿಎಂ ಕಾರ್ಡು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಡಿಸೆಂಬರಿನಿಂದ ಆ ಖಾತೆಗೆ ಹಣ ಬರುವುದು ನಿಂತಿತು. ಕಂತುಗಳು ಹಿಂದೆಮುಂದೆ ಬರುವುದು ರೂಢಿಯಾಗಿದ್ದರಿಂದ ಸರ್ಕಾರವೇ ತಡಮಾಡಿದೆ ಎಂದು ಎಲ್ಲರೂ ಸುಮ್ಮನಿದ್ದರು. ಅತ್ತೆ ಅಂಗಡಿಯಲ್ಲಿ 3,400 ಉದ್ರಿ ಮಾಡಿದಳು. ಅಕ್ಕಪಕ್ಕದ ಮನೆಗಳಿಗೆ ಕಂತು ಬಂದಿದೆ ಎಂದು ಮಗಳು ಫೋನಿನಲ್ಲಿ ಹೇಳಿದಾಗ ಅನುಮಾನ ಹುಟ್ಟಿತು.

ಕಾರಣ ಪುಣೆಯಲ್ಲೇ ಇತ್ತು. ತನ್ನ ಕೂಲಿಗೆಂದು ಹೆಂಡತಿ ಡಿಸೆಂಬರಿನಲ್ಲಿ ಸೈಟಿನ ಹತ್ತಿರದ ಒಂದು ಅಂಗಡಿಯಲ್ಲಿ ಹೊಸ ಖಾತೆ ತೆರೆದಿದ್ದಳು. ಆಧಾರ್ ಕೊಟ್ಟು ಬೆರಳು ಒತ್ತಿದಾಗ, ಸರ್ಕಾರಿ ಹಣ ಈ ಖಾತೆಗೆ ಬರಲಿ (ಡಿಬಿಟಿ) ಎಂಬ ಒಪ್ಪಿಗೆಯೂ ಅದರಲ್ಲೇ ಸೇರಿತ್ತು. ಆಧಾರ್ ಆಧಾರಿತ ಪಾವತಿಯಲ್ಲಿ ಒಬ್ಬರಿಗೆ ಒಂದೇ ಖಾತೆ ನಮೂದಾಗಿರುತ್ತದೆ. ಕೊನೆಗೆ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿದ್ದೇವೆಯೋ ಹಣ ಅಲ್ಲಿಗೆ ಹೋಗುತ್ತದೆ, ಹಳೆಯ ಖಾತೆ ಜೀವಂತವಾಗಿದ್ದರೂ ಸರಿ. ಫೋನಿನಿಂದ *99*99*1# ಒತ್ತಿ ಆಧಾರ್ ಸಂಖ್ಯೆ ಕೊಟ್ಟರೆ ಈಗ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ಒತ್ತಿ ನೋಡಿದರು, ಹೊಸ ಬ್ಯಾಂಕು. ಮೂರು ತಿಂಗಳ 8,040 ರೂಪಾಯಿ ಆ ಖಾತೆಯಲ್ಲಿ ಕೂತಿತ್ತು. ಸಂದೇಶಗಳು ಬರುತ್ತಿದ್ದ ನಂಬರಿನ ಫೋನು ಗಂಡನ ಹತ್ತಿರವಿತ್ತು. ಅವನು ಅದನ್ನು ಹೆಂಡತಿಯ ಕೂಲಿ ಎಂದು ತಿಳಿದಿದ್ದ.

ಶಿವರಾತ್ರಿಗೆ ಎಂಟು ದಿನ ಊರಿಗೆ ಹೋದಾಗ ಹೆಂಡತಿ ಹಳೆಯ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಅರ್ಜಿ ಮತ್ತೆ ಕೊಟ್ಟಳು. ಮುಂದಿನ ಕಂತು ಅಲ್ಲಿಗೆ ಬಂತು. ಪುಣೆಯ ಖಾತೆ ಕೂಲಿಗಷ್ಟೇ ಉಳಿಯಿತು. ಹೊಸ ಖಾತೆ ತೆರೆಯುವ ಮುನ್ನ ‘ಡಿಬಿಟಿ ಬೇಡ, ಬರೀ ಖಾತೆ ಸಾಕು’ ಎಂದು ಬಾಯಿಬಿಟ್ಟು ಹೇಳಿ, ತೆರೆದ ಮರುದಿನವೇ ಆ ನಂಬರು ಒತ್ತಿ ನೋಡಿದ್ದರೆ ಇಷ್ಟೂ ತಪ್ಪುತ್ತಿತ್ತು. ಉದ್ಯೋಗ ಖಾತ್ರಿಯ ಕೂಲಿಯೂ ಇದೇ ದಾರಿಯಲ್ಲಿ ಬರುತ್ತದೆ ಎಂಬುದನ್ನು ಗುಳೆ ಹೋಗುವ ಮನೆಗಳು ಮರೆಯಬಾರದು.

ರೇಷನ್ನು ಸುಲಭವಾಯಿತು. ಒಂದು ದೇಶ ಒಂದು ಕಾರ್ಡು ವ್ಯವಸ್ಥೆಯಲ್ಲಿ ಪುಣೆಯ ಅಂಗಡಿಯಲ್ಲೂ ತಲೆಗೆ ಐದು ಕಿಲೋ ಉಚಿತ ಧಾನ್ಯ ಸಿಗುತ್ತದೆ, ಕಾರ್ಡಿನ ಪೂರ್ತಿ ಪಾಲನ್ನು ಒಂದೇ ಕಡೆ ಎತ್ತಬೇಕಿಲ್ಲ. ಗಂಡನ ಬೆರಳು ಸಿಮೆಂಟಿಗೆ ಸವೆದು ಮಿಷನ್ನು ಹಿಡಿಯಲಿಲ್ಲ, ಹೆಂಡತಿಯದು ಹಿಡಿಯಿತು. ಕಾರ್ಡಿನಲ್ಲಿರುವ ಯಾರ ಬೆರಳಾದರೂ ನಡೆಯುತ್ತದೆ. ಮೂರು ಜನದ 15 ಕಿಲೋ ಪುಣೆಯಲ್ಲಿ ಎತ್ತಿದರು. ತಿಂಗಳ ಕೊನೆಗೆ ಹೋದರೆ ಹೊರಗಿನವರಿಗೆ ಮಾಲು ಇಲ್ಲ ಎನ್ನುತ್ತಾರೆ, ಮೊದಲ ವಾರವೇ ಹೋಗಬೇಕು. ಮಗನನ್ನು ಹತ್ತಿರದ ಮರಾಠಿ ಶಾಲೆಗೆ ವರ್ಗಾವಣೆ ಪತ್ರವಿಲ್ಲದೆಯೇ ಸೇರಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅದಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ.

ಪಗಾರ ನಿಂತ ಮೂರು ವಾರ

ಮಾರ್ಚ್ ಕೊನೆಗೆ ಮೇಲಿನ ಬಿಲ್ಲು ಬಂದಿಲ್ಲವೆಂದು ಕಂಟ್ರಾಕ್ಟರ್ ಪಗಾರ ನಿಲ್ಲಿಸಿದ. ಎರಡು ವಾರ ಮೀರಿದರೆ ಕೆಲಸ ನಿಲ್ಲಿಸಬೇಕು ಎಂದು ಇವರು ಮೊದಲೇ ಮಾತಾಡಿಕೊಂಡಿದ್ದರು, ಆದರೆ ಗಂಡ ಹಿಂದೇಟು ಹಾಕಿದ. ಬಾಕಿ ಬೆಳೆದಷ್ಟೂ ಬಿಟ್ಟುಹೋಗುವುದು ಕಷ್ಟ. ಮುಂಗಡದ ಹಗ್ಗ ಇಲ್ಲದ ಕಡೆ ಬಾಕಿಯೇ ಹಗ್ಗವಾಗುತ್ತದೆ. ಮೂರನೆಯ ವಾರದ ಸೋಮವಾರ ಐದು ಮನೆಯವರು ಶೆಡ್ಡಿನಿಂದ ಮೇಲೇಳಲಿಲ್ಲ. ಕೂಗಾಟವಿಲ್ಲ; ಐದೂ ಮನೆಯ ಹಾಜರಿಯ ಪುಟಗಳನ್ನು ಕಂಪನಿಯ ಸೈಟ್ ಇಂಜಿನಿಯರನ ಮುಂದೆ ಇಟ್ಟರು. ಕಂಟ್ರಾಕ್ಟರ್ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಬರೆದ ಲೆಕ್ಕ ಕೈಯಲ್ಲಿ ಇದ್ದುದರಿಂದ ಆ ಮಾತಿಗೆ ತೂಕ ಬಂತು. ಬುಧವಾರ ಎರಡು ವಾರದ್ದು, ಶನಿವಾರ ಉಳಿದದ್ದು ಬಂತು. ಎರಡು ದಿನದ ಕೂಲಿ ಹೋಯಿತು.

ಎಲ್ಲವೂ ಕೈಗೂಡಲಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಗೆ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಕಂಟ್ರಾಕ್ಟರ್ ಗಂಡನಿಗಷ್ಟೇ ಸಹಿ ಹಾಕಿದ, ಹೆಂಡತಿಗೆ ‘ಜೋಡಿಯಲ್ಲಿ ಒಬ್ಬರದಿದ್ದರೆ ಸಾಕಲ್ಲ’ ಎಂದ. ಸಾಕಾಗುವುದಿಲ್ಲ, ಸಹಾಯಧನಗಳು ನೋಂದಾಯಿತ ಕಾರ್ಮಿಕರ ಹೆಸರಿಗೇ. ಒಂದೇ ಸ್ಲ್ಯಾಬಿನ ಮೇಲೆ ಒಂದೇ ತಾಸುಗಳ ದುಡಿಮೆಗೆ 600 ಮತ್ತು 450ರ ಅಂತರವೂ ಹಾಗೇ ಉಳಿಯಿತು.

ಮೇ ಕೊನೆಯ ಲೆಕ್ಕ

ಸೈಟಿನಲ್ಲಿ ಗಂಡನಿಗೆ 126 ಹಾಜರಿ, ಹೆಂಡತಿಗೆ 118: 1,28,700. ನಾಕಾದ್ದು ಸೇರಿ 1,37,650. ಪುಣೆಯ ಖರ್ಚು, ಊರಿನ ಓಡಾಟ ಎಲ್ಲ 63,650. ಉಳಿದದ್ದು 74,000. ಅದರಲ್ಲಿ ಆರು ಸಲ ಕಳಿಸಿದ್ದು 59,000, ಕೈಯಲ್ಲಿ ತಂದದ್ದು 15,000.

ಕಳಿಸಿದ 59,000ದಲ್ಲಿ ಸಾಹುಕಾರರಿಗೆ 46,760. ಡಿಸೆಂಬರಿನಲ್ಲಿ ಬಡ್ಡಿ ಮಾತ್ರ, ಜನವರಿಯಿಂದ ಬಡ್ಡಿಯ ಜೊತೆಗೆ ಅಸಲು 5,000, 5,000, 7,000, 9,000, 9,000. ಅಸಲು 75,000ದಿಂದ 40,000ಕ್ಕೆ ಇಳಿಯಿತು, ತಿಂಗಳ ಬಡ್ಡಿ 2,250ರಿಂದ 1,200ಕ್ಕೆ. ಇದೇ 35,000ವನ್ನು ಮೇ ಕೊನೆಗೆ ಒಂದೇ ಸಲ ಕಟ್ಟಿದ್ದರೆ ಆರು ತಿಂಗಳ ಬಡ್ಡಿ 13,500 ಆಗುತ್ತಿತ್ತು. ತಿಂಗಳು ತಿಂಗಳು ಕಟ್ಟಿದ್ದರಿಂದ 11,760 ಆಯಿತು. 1,740 ರೂಪಾಯಿಯ ಉಳಿತಾಯ ದೊಡ್ಡದೇನಲ್ಲ. ದೊಡ್ಡ ಲಾಭ ಬೇರೆ ಕಡೆ: ಪ್ರತಿ ತಿಂಗಳೂ ಹಣ ಊರು ಮುಟ್ಟಿದ್ದರಿಂದ ಹೊಸ ಸಾಲ ಏಳಲಿಲ್ಲ, ಅತ್ತೆ ಮಾಡಿದ ಉದ್ರಿ ಪುಣೆಯ ಖಾತೆಯಲ್ಲಿ ಸಿಕ್ಕ ಹಣದಿಂದಲೇ ತೀರಿತು, ದುಡಿದದ್ದು ಯಾರ ಪುಸ್ತಕದಲ್ಲೂ ಕರಗಲಿಲ್ಲ. ಕೂಲಿಯ ದರ ಏರಿದ್ದಕ್ಕೂ ಇದರಲ್ಲಿ ಪಾಲಿದೆ, ಒಂದು ತಿಂಗಳು ಹೆಚ್ಚಿಗೆ ದುಡಿದದ್ದಕ್ಕೂ ಇದೆ, ಅದನ್ನು ಮರೆಮಾಚಬಾರದು.

ಕೈಯಲ್ಲಿ ತಂದ 15,000ದಲ್ಲಿ 6,000 ಸಂಘಕ್ಕೆ. ಅಲ್ಲಿ ಉಳಿದ ಸಾಲ 8,000. 9,000 ಬಿತ್ತನೆಗೆ. ಸೊಸೈಟಿ ಜೂನ್‌ನಲ್ಲಿ ಮತ್ತೆ 40,000 ಕೊಟ್ಟಿತು, ಗೊಬ್ಬರದ ಅಂಗಡಿಯಲ್ಲಿ ಉದ್ರಿ ಹೇಳುವ ಪ್ರಸಂಗ ಬರಲಿಲ್ಲ. ಬೆಳೆವಿಮೆಯ ಕಂತನ್ನೂ ಗಡುವಿನೊಳಗೆ ಕಟ್ಟಿದರು. ನೆಟೆ ಬಿದ್ದ ಅರ್ಧ ಎಕರೆಯಲ್ಲಿ ಈ ಸಲ ತೊಗರಿ ಹಾಕದೆ ಜೋಳಕ್ಕೆ ಬಿಟ್ಟರು.

ಮಗಳು ಒಂಬತ್ತನೆಯ ತರಗತಿಗೆ ಹೋದಳು. ಅತ್ತೆಯ ಕಣ್ಣಿನ ಪೊರೆ ಹೆಚ್ಚಿದೆ, ಮುಂದಿನ ಹಂಗಾಮಿನಲ್ಲಿ ಹದಿನಾಲ್ಕರ ಹುಡುಗಿ ಅಜ್ಜಿಯನ್ನು ನೋಡಿಕೊಳ್ಳುತ್ತ ಓದಬೇಕಾಗುತ್ತದೆ. ಇಬ್ಬರೂ ಹೋಗುವುದೋ, ಗಂಡನೊಬ್ಬನೇ ಹೋಗುವುದೋ ಎಂಬುದನ್ನು ಈ ಮನೆ ಇನ್ನೂ ತೀರ್ಮಾನಿಸಿಲ್ಲ. ಹೆಂಡತಿ ಉಳಿದರೆ ಹಂಗಾಮಿಗೆ ಸುಮಾರು 53,000 ಕೂಲಿ ಹೋಗುತ್ತದೆ. ಜುಲೈನಲ್ಲಿ ಮುಕಾದಮ ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಈ ಸಲ ಎಷ್ಟು ಬೇಕು ಎಂದು ಕೇಳಿದ. ಹೆಂಡತಿ ಒಳಗಿಂದ ನೋಟುಪುಸ್ತಕ ತಂದು ಮೊದಲ ಪುಟಕ್ಕಿಂತ ಹಿಂದಿನ ರಟ್ಟಿನ ಮೇಲೆ ಬರೆದಿಟ್ಟಿದ್ದ ‘ಕಾಕಾನ ಕಡೆ 6,000’ ಎಂಬ ಸಾಲನ್ನು ತೋರಿಸಿದಳು.